ಹನ್ನೊಂದು ದಿನದ ಬಿಸಿಲು

ಜೂನ್ 1, 2017, ಗುರುವಾರ. ಬೆಳಿಗ್ಗೆ 7

ಗರಿಷ್ಠ 75 ಫ್ಯಾರನ್‌ಹೀಟ್, ಕನಿಷ್ಠ 54. ಮಳೆ ಇಲ್ಲ. ಥರ್ಮಾಮೀಟರ್ ಪೆಟ್ಟಿಗೆಯ ಬಾಗಿಲಿನ ತಿರುಪು ಮತ್ತೆ ಸಡಿಲ. ಬಿಗಿ ಮಾಡಬೇಕು — ಮೂರು ವಾರದಿಂದ ಇದನ್ನೇ ಬರೆಯುತ್ತಿದ್ದೇನೆ. ನದಿಯಾಚೆ ಕಲ್ಲಿದ್ದಲು ಬೇಯಿಸುವ ಕೋಕ್ ಕಾರ್ಖಾನೆಯಿಂದ ಕೊಳೆತ ಮೊಟ್ಟೆಯ ವಾಸನೆ. ಗಾಳಿ ಯಾವ ಕಡೆಯದು ಎಂದು ಹೇಳಲು ಯಂತ್ರ ಬೇಡ, ಮೂಗು ಸಾಕು.

ಟೊಮೆಟೊ ಸಸಿಗಳಿಗೆ ಕೋಲು ಕಟ್ಟಿದೆ. ಕಣ್ಣಿನ ಡಾಕ್ಟರಿಗೆ ಫೋನ್ ಮಾಡಬೇಕು.

ಅದೇ ದಿನ, ಸಂಜೆ 5

ಮಧ್ಯಾಹ್ನ ಟಿವಿಯಲ್ಲಿ ಅಧ್ಯಕ್ಷರು. ಪ್ಯಾರಿಸ್ ಒಪ್ಪಂದದಿಂದ ದೇಶ ಹೊರಗೆ. ಭೂಮಿ ಇನ್ನಷ್ಟು ಬಿಸಿಯಾಗದಂತೆ ನೋಡಿಕೊಳ್ಳುತ್ತೇವೆ ಎಂದು ಇಷ್ಟು ದೇಶಗಳ ಎದುರು ಕೊಟ್ಟ ಮಾತು — ಒಂದೇ ಭಾಷಣದಲ್ಲಿ ವಾಪಸ್. ಅಷ್ಟಕ್ಕೇ ನಿಲ್ಲಲಿಲ್ಲ. ತನ್ನನ್ನು ಆರಿಸಿದ್ದು ಪಿಟ್ಸ್‌ಬರ್ಗಿನವರು, ಪ್ಯಾರಿಸ್ಸಿನವರಲ್ಲ ಎಂದು ಬೇರೆ. ನಮ್ಮ ಹೆಸರು! ನಮ್ಮ ಹೆಗಲ ಮೇಲೆ ಬಂದೂಕಿಟ್ಟು ಹೊಡೆದ ಹಾಗೆ.

ಕಾಫಿ ಲೋಟ ಮೇಜಿಗೆ ಕುಕ್ಕಿದೆ. ಹಿಡಿ ಮುರಿಯಿತು. ಅಪ್ಪನ ಲೋಟ.

ಅಪ್ಪ ಮೂವತ್ತೇಳು ವರ್ಷ, ನಾನು ಇಪ್ಪತ್ತೊಂಬತ್ತು. 1951ರಿಂದ ದಿನಾ ಬೆಳಿಗ್ಗೆ ಏಳಕ್ಕೆ ಹಿತ್ತಲಿನ ಬಿಳಿ ಪೆಟ್ಟಿಗೆ ತೆರೆದು, ಹಿಂದಿನ ದಿನದ ಸೆಕೆ ಎಷ್ಟು, ಚಳಿ ಎಷ್ಟು, ಮಳೆ ಎಷ್ಟು ಎಂದು ಬರೆದು ಹವಾಮಾನ ಕಚೇರಿಗೆ ಕಳಿಸಿದ್ದೇವೆ. ಸಂಬಳ ಇಲ್ಲ. ಹತ್ತು ವರ್ಷಕ್ಕೊಮ್ಮೆ ಕೋಟಿಗೆ ಚುಚ್ಚಿಕೊಳ್ಳುವ ಒಂದು ಪಿನ್ನು. ಇಷ್ಟೆಲ್ಲ ಬರೆದದ್ದು ಯಾರಿಗಾಗಿ? ನೋಡಲು ಮನಸ್ಸಿಲ್ಲದವರಿಗೆ ಏನು ಬರೆದು ಕೊಟ್ಟರೆ ಏನು.

ಪಿಟ್ಸ್‌ಬರ್ಗಿನ ನಗರಸಭೆ ಕಟ್ಟಡಕ್ಕೆ ಒಪ್ಪಂದದ ಪರವಾಗಿ ಹಸಿರು ದೀಪ ಹಾಕುತ್ತಾರಂತೆ. ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿದೆ. ಎಲ್ಲರಿಗೂ ಸಿಟ್ಟು. ನನಗೂ.

ಜೂನ್ 2, ಶುಕ್ರವಾರ

77 / 53. ಮಳೆ ಇಲ್ಲ.

ಶುಕ್ರವಾರ ಎಂದರೆ ಚರ್ಚಿನ ನೆಲಮಾಳಿಗೆ, ಪಿರೋಗಿ. ಬೆಳಿಗ್ಗೆ ಎಂಟಕ್ಕೇ ನಾವು ಹನ್ನೆರಡು ಜನ ಮುದುಕಿಯರು ಕೂತು ಹಿಟ್ಟಿನ ಹಾಳೆಗೆ ಆಲೂಗೆಡ್ಡೆ ತುಂಬಿ ಕಡುಬಿನ ಹಾಗೆ ಮಡಚುತ್ತೇವೆ, ಮಧ್ಯಾಹ್ನ ಊರು ಬಂದು ಕೊಂಡು ಹೋಗುತ್ತದೆ. ಎಮಿಲ್ ಆಲೂಗೆಡ್ಡೆ ಸುಲಿಯುವ ನೆಪದಲ್ಲಿ ಬಂದು ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಖಾಲಿ ಮಾಡುತ್ತಾನೆ. ಅಕ್ಕ ವೆರೋನ ತೀರಿಕೊಂಡು ಆರು ವರ್ಷ. ಅಕ್ಕನ ಗಂಡ ಎಂದು ಸಹಿಸಿಕೊಂಡಿದ್ದೇನೆ, ಇಲ್ಲದಿದ್ದರೆ ಯಾರಿಗೆ ಬೇಕಿತ್ತು ಆ ಬಾಯಿ.

“ಏನ್ ಲೀಡಾ, ಪ್ಯಾರಿಸ್‌ಗೆ ಟಿಕೆಟ್ ಮಾಡ್ಸಿದ್ಯಾ?”

“ನೀನು ಮೊದಲು ಈ ಗುಡ್ಡ ಇಳಿದು ಪಿಟ್ಸ್‌ಬರ್ಗ್ ನೋಡ್ಕೊಂಡು ಬಾ. ಹದಿನಾಲ್ಕೇ ಮೈಲಿ. ಹೋಗಿ ಎಷ್ಟು ವರ್ಷ ಆಯ್ತು?”

“ನಾನ್ಯಾಕೆ ಹೋಗ್ಲಿ? ಪಿಟ್ಸ್‌ಬರ್ಗೇ ಟಿವಿಲಿ ಮನೆಗೆ ಬಂತಲ್ಲ. ಮೂವತ್ತು ವರ್ಷ ಕೋಕ್ ಒಲೆ ಮುಂದೆ ಬೆಂದಿದೀನಿ. ಒಲೆ ಒಂದೊಂದೇ ಮುಚ್ಚಿದ್ರಲ್ಲ, ಆಗ ಯಾವ ನನ್ಮಗ ನಮ್ಮ ಹೆಸರೆತ್ತಿದ್ದ? ಈಗ ಒಬ್ಬ ಎತ್ತಿದಾನೆ.”

“ನಿನ್ನ ಹೆಸರೆತ್ತಿದ್ದು ನಿನ್ನ ಕೆಲ್ಸಕ್ಕಲ್ಲ. ಅವರ ಕೆಲ್ಸಕ್ಕೆ.”

“ಎತ್ತಿದ್ರೋ ಇಲ್ವೋ? ಅಷ್ಟು ಹೇಳು.”

ನಾನು ಹಿಟ್ಟಿನ ಉಂಡೆ ಎತ್ತಿದ್ದೆ. ಎಸೆಯುತ್ತಿದ್ದೆನೋ ಏನೋ. ನಮ್ಮ ಮುದುಕಿಯರ ಮುಖಂಡಳು ಆಲ್ಡೋನ, ಕೈಲಿದ್ದ ಲಟ್ಟಣಿಗೆಯಿಂದ ಮೇಜು ಕುಟ್ಟಿದಳು. “ಇಬ್ರೂ ಬಾಯಿ ಮುಚ್ಕೊಂಡು ಮಡಚ್ರಿ. ಹಿಟ್ಟು ಒಣಗ್ತಾ ಇದೆ.”

ಮಡಚಿದೆವು. ಎಮಿಲ್ ಮಡಚಿದ ಒಂದೂ ನೆಟ್ಟಗಿರಲಿಲ್ಲ. ಕುದಿಯುವ ನೀರಿನಲ್ಲಿ ಎಲ್ಲ ಬಾಯಿ ಬಿಟ್ಟವು, ಅವನ ಹಾಗೆಯೇ.

ಜೂನ್ 4, ಭಾನುವಾರ. ಸಂಜೆ

82 / 60. ರಾತ್ರಿ ಸಣ್ಣ ಹನಿ. ಅಳತೆಗೆ ಸಿಗಲಿಲ್ಲ.

ಮಾರ್ನಿ ಬಂದಿದ್ದಳು. ಎಮಿಲ್‌ನ ಮೊಮ್ಮಗಳು, ಅಜ್ಜನನ್ನು ಜೆಡೋ ಎಂದೂ ನನ್ನನ್ನು ಬಾಬಾ, ಅಂದರೆ ಅಜ್ಜಿ ಎಂದೂ ಕರೆಯುವವಳು, ಆದರೆ ಎಮಿಲ್‌ನ ಯಾವ ಗುಣವೂ ಅಂಟಿಲ್ಲ — ಹಟ ಒಂದು ಬಿಟ್ಟು. ನಗರದಲ್ಲಿ ಗಾಳಿ-ನೀರಿನ ಪರವಾಗಿ ಕೆಲಸ ಮಾಡುವ ಸಂಘ ಅವಳದು. ಹದಿನೇಳಕ್ಕೆ ನಗರಸಭೆಯ ಮೆಟ್ಟಿಲ ಮೇಲೆ ದೊಡ್ಡ ಸಭೆ. ನಾನು ಮಾತಾಡಬೇಕಂತೆ.

“ನಂಗೆ ಮಾತಾಡಕ್ಕೆ ಬರಲ್ಲ ಕಣೇ.”

“ಬಾಬಾ, ಮಾತೇ ಬೇಡ. ಪುಸ್ತಕ ಹಿಡ್ಕೊಂಡು ನಿಂತ್ಕೋ, ಸಾಕು. ಅರವತ್ತಾರು ವರ್ಷ! ಒಂದೇ ಮನೆ, ಒಂದೇ ಪೆಟ್ಟಿಗೆ, ಒಂದು ದಿನ ತಪ್ಪಿಲ್ಲ. ಅಪ್ಪ ಬಿಟ್ಟಿದ್ದು ಮಗಳು ಹಿಡಿದ್ಲು. ಅವ್ರು ಎರಡು ವರ್ಷಕ್ಕೆ ಮಾತು ಮುರಿದ್ರು. ನೀನು ಅರವತ್ತಾರು ವರ್ಷ ಉಳಿಸ್ಕೊಂಡೆ. ಇದಕ್ಕಿಂತ ಕಪಾಳಕ್ಕೆ ಹೊಡೆದಂಗೆ ಇನ್ನೇನಿದೆ?”

ಬ್ಯಾನರಿನ ಫೋಟೋ ತೋರಿಸಿದಳು. ನಮ್ಮೂರ ಅಗ್ನಿಶಾಮಕ ಠಾಣೆಯ ಗೋಡೆಯ ಹಲಗೆ — ‘ಕೆಸ್ಲರ್ ರನ್. ಅತಿ ಹೆಚ್ಚು ಬಿಸಿಲು: 103 ಡಿಗ್ರಿ. ಜುಲೈ 16, 1988.’ ಜ್ವರದ ಲೆಕ್ಕದಲ್ಲಿ ಹೇಳಿದರೆ ಊರಿಗೆ ಊರೇ ಹಾಸಿಗೆ ಹಿಡಿದ ದಿನ. ಕೆಳಗೆ ಸಣ್ಣಕ್ಷರದಲ್ಲಿ ಅಪ್ಪನ ಹೆಸರು, ನನ್ನ ಹೆಸರು. ಅದನ್ನೇ ಇಪ್ಪತ್ತು ಅಡಿ ಬಟ್ಟೆಯಲ್ಲಿ ಅಚ್ಚು ಹಾಕಿಸುತ್ತಾರಂತೆ.

ಒಪ್ಪಿಕೊಂಡೆ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಅದಕ್ಕೇ ಬಾಯಿಗೆ ಬಂದದ್ದು ‘ಆಯ್ತು’.

ಅವಳು ಹೋದ ಮೇಲೆ ಅಟ್ಟಕ್ಕೆ ಹೋಗಿ 1988ರ ರಟ್ಟಿನ ಡಬ್ಬ ಇಳಿಸಿದೆ. ತೆರೆಯಲಿಲ್ಲ. ಅಡುಗೆಮನೆಯ ಕುರ್ಚಿಯ ಮೇಲಿದೆ, ಅತಿಥಿ ಬಂದು ಕೂತ ಹಾಗೆ.

ಜೂನ್ 5

83 / 61. ಮಳೆ 0.12 ಇಂಚು.

ಜೂನ್ 6

70 / 56. 0.03.

ಜೂನ್ 7, ಬುಧವಾರ

71 / 52. ಇಲ್ಲ.

ತೆರೆದೆ. ಬರೆದೇಬಿಡುತ್ತೇನೆ. ಇಪ್ಪತ್ತೊಂಬತ್ತು ವರ್ಷ ಈ ನೋಟುಪುಸ್ತಕಗಳಲ್ಲಿ ಟೊಮೆಟೊ ಬಗ್ಗೆ, ಮೊಣಕಾಲು ನೋವಿನ ಬಗ್ಗೆ ಎಲ್ಲ ಬರೆದಿದ್ದೇನೆ, ಇದೊಂದನ್ನು ಬಿಟ್ಟು.

1988ರ ಜುಲೈ 7ಕ್ಕೆ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ಶ್ವಾಸಕೋಶ. ನಾನು ಅಲ್ಲೇ ಕುರ್ಚಿಯಲ್ಲಿ ಮಲಗುತ್ತಿದ್ದೆ. ಮನೆಗೆ ಹೋಗಲೇ ಇಲ್ಲ. ಅಪ್ಪ ಮಾತ್ರ ನಾನು ದಿನಾ ಬೆಳಿಗ್ಗೆ ಏಳಕ್ಕೆ ಹೋಗಿ ಪೆಟ್ಟಿಗೆ ನೋಡಿ ಬರುತ್ತೇನೆ ಎಂದೇ ತಿಳಿದಿದ್ದರು. ಬೆಳಿಗ್ಗೆ ತಡವಾಗಿ ಕಣ್ಣು ಬಿಟ್ಟರೆ ಮೊದಲ ಪ್ರಶ್ನೆ — “ಇವತ್ತು ಎಷ್ಟು?”

ಎದ್ದು ಹೋಗಿಲ್ಲ ಎಂದು ಹೇಗೆ ಹೇಳುವುದು? ಒಂದು ಸಂಖ್ಯೆ ಹೇಳಿದೆ. ಮಾರನೇ ದಿನ ಇನ್ನೊಂದು. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು, ನಾನು ಎಂಬತ್ತೆಂಟು ಎಂದೆ. ಉಸಿರಿಗೆ ಕಷ್ಟ ಪಡುವವರಿಗೆ ನೂರರ ಹತ್ತಿರ ಎಂದು ಹೇಳಲು ನಾಲಗೆ ಬರಲಿಲ್ಲ. ಎಂಬತ್ತೆಂಟಾ, ಪರವಾಗಿಲ್ಲ ಎಂದು ಅಪ್ಪ ಕಣ್ಣು ಮುಚ್ಚುತ್ತಿದ್ದರು.

ಹದಿನಾರರ ಬೆಳಿಗ್ಗೆ ಹೋದರು. ಮಣ್ಣು ಮಾಡುವವರೆಗೆ ಅಕ್ಕನ ಮನೆಯಲ್ಲಿದ್ದೆ. ಹತ್ತೊಂಬತ್ತಕ್ಕೆ ಮನೆಗೆ ಬಂದು ನೋಡಿದರೆ ಫಾರಂನಲ್ಲಿ ಹನ್ನೊಂದು ಸಾಲು ಖಾಲಿ. ನೋಡದ ದಿನ ‘ಎಂ’ — ಮಿಸ್ಸಿಂಗ್ — ಎಂದು ಬರೆಯಬೇಕು, ಅಷ್ಟೇ. ನಮ್ಮ ಕೆಲಸದಲ್ಲಿ ಇರುವುದು ಅದೊಂದೇ ಕಟ್ಟುನಿಟ್ಟು: ನೋಡಿದ್ದರೆ ನೋಡಿದ್ದನ್ನು ಬರಿ, ನೋಡಿಲ್ಲದಿದ್ದರೆ ‘ಎಂ’. ಅಪ್ಪನ ಮೂವತ್ತೇಳು ವರ್ಷದಲ್ಲಿ ಒಂದು ‘ಎಂ’ ಇರಲಿಲ್ಲ. ಅವರು ಹೋದ ವಾರದಲ್ಲೇ ಹನ್ನೊಂದು ಬರೆಯಲೇ? ಅಪ್ಪನಿಗೆ ಹೇಳಿದ ಸಂಖ್ಯೆಗಳನ್ನೇ ಬರೆದೆ. ಕೊನೆಯ ಮೂರು ದಿನಕ್ಕೆ ರೇಡಿಯೋದಲ್ಲಿ ಹೇಳಿದ ಪಿಟ್ಸ್‌ಬರ್ಗಿನ ಲೆಕ್ಕ. 103 ಬಂದದ್ದು ಅಲ್ಲಿಂದ. ನಮ್ಮ ಹಿತ್ತಲಿನಿಂದಲ್ಲ.

ಶಾಯಿಯಲ್ಲಿ ಬರೆದೆ. ಒಂದೂ ಚಿತ್ತಿಲ್ಲ. ಅದೇ ಈಗ ಹೆಚ್ಚು ನಾಚಿಕೆ.

ಜೂನ್ 9, ಶುಕ್ರವಾರ

76 / 55.

ಪಿರೋಗಿಗೆ ಹೋಗಲಿಲ್ಲ. ಮೊಣಕಾಲು ಎಂದೆ.

ಸಂಜೆ ಎಮಿಲ್ ಬಂದ. ಮನೆ ಮುಂದೆ ಕಾರು ನಿಲ್ಲಿಸುವ ಜಾಗ ನನ್ನದು ಎಂದು ಕಾಯ್ದಿಡಲು ನಾನಿಟ್ಟ ಮುರುಕು ಕುರ್ಚಿಯನ್ನು ಸರಿಸಿ, ತನ್ನ ಟ್ರಕ್ಕು ನಿಲ್ಲಿಸಿ, ಕುರ್ಚಿಯನ್ನು ಫುಟ್‌ಪಾತಿನ ಮೇಲೆ ಮರ್ಯಾದೆಯಾಗಿ ನಿಲ್ಲಿಸಿದ. ನಮ್ಮ ಬೀದಿಯಲ್ಲಿ ಇನ್ನೊಬ್ಬರ ಕುರ್ಚಿ ಮುಟ್ಟುವ ಧೈರ್ಯ ಇರುವುದು ಅವನೊಬ್ಬನಿಗೇ.

“ಭಾಷಣ ಮಾಡ್ತೀಯಂತೆ.”

“ಯಾರು ಹೇಳಿದ್ದು?”

“ಮಾರ್ನಿ. ಜೆಡೋ, ನೀನೂ ಬಾ ಅಂದ್ಲು. ಬರ್ತೀನಿ ಅಂದೆ.” ಅಡುಗೆಮನೆಯ ಕುರ್ಚಿಯ ಮೇಲಿದ್ದ ಡಬ್ಬ ನೋಡಿದ. ಮೇಲೆ ದೊಡ್ಡದಾಗಿ 1988 ಎಂದು ಬರೆದಿದೆ. “ಚೆನ್ನಾಗಿ ಮಾತಾಡು. ಮುಂದೆ ನಿಂತು ಕೇಳ್ತೀನಿ.”

ಎಮಿಲ್‌ಗೆ ಗೊತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಕೋಕ್ ಒಲೆಯ ರಾತ್ರಿ ಪಾಳಿ ಮುಗಿಸಿ, ನಮ್ಮ ನಾಯಿಗೆ ಅನ್ನ ಹಾಕಿ, ನೇರ ಅಲ್ಲಿಗೆ ಬರುತ್ತಿದ್ದ. ನಾನು ಆಸ್ಪತ್ರೆಯ ಕುರ್ಚಿ ಬಿಟ್ಟು ಕದಲಲಿಲ್ಲ ಎನ್ನುವುದಕ್ಕೆ ಬದುಕಿರುವ ಸಾಕ್ಷಿ ಅವನೊಬ್ಬನೇ. ಸಾವಿರ ಜನರ ಎದುರು ಕೈಯೆತ್ತಿ ಒಂದು ಪ್ರಶ್ನೆ ಕೇಳಿದರೆ ಸಾಕು — ಜುಲೈ ಹದಿನಾರಕ್ಕೆ ನೀನು ಎಲ್ಲಿದ್ದೆ ಲೀಡಾ? ಬ್ಯಾನರು, ಪುಸ್ತಕ, ಅಪ್ಪನ ಹೆಸರು, ಮಾರ್ನಿಯ ಮುಖ, ಎಲ್ಲ ಮಣ್ಣುಪಾಲು.

ಹೋಗುವಾಗ ಕುರ್ಚಿಯನ್ನು ಮತ್ತೆ ಅದರ ಜಾಗದಲ್ಲಿಟ್ಟ.

ಜೂನ್ 12, ಸೋಮವಾರ

90 / 67. ಮೂರು ದಿನದಿಂದ ಉರಿ.

ಹವಾಮಾನ ಕಚೇರಿಗೆ ಫೋನ್. ಹೆಸರು ಹೇಳಲಿಲ್ಲ. ಹಳೆಯ ತಿಂಗಳೊಂದರಲ್ಲಿ ಯಾರೋ ನೋಡದೆ ಬರೆದಿದ್ದರೆ ಏನು ಮಾಡಬೇಕು — ಬೇರೆ ಯಾರದೋ ವಿಷಯ ಎನ್ನುವ ಹಾಗೆ ಕೇಳಿದೆ. ಅಲ್ಲಿನ ವೆಂಡೆಲ್ ಫೋನ್ ಎತ್ತಿದ. ಇಪ್ಪತ್ತು ವರ್ಷದಿಂದ ನನ್ನ ದನಿ ಕೇಳುತ್ತಿದ್ದಾನೆ. ಅವನೂ ಬೇರೆ ಯಾರದೋ ವಿಷಯ ಎನ್ನುವ ಹಾಗೆಯೇ ಉತ್ತರ ಕೊಟ್ಟ.

“ತಿದ್ದುಪಡಿ ಫಾರಂ ಒಂದಿದೆ, ಮೇಡಂ. ಆ ದಿನಗಳಿಗೆ ‘ಎಂ’ ಹಾಕಿ ಸಹಿ ಮಾಡಿದ್ರೆ ಆಯ್ತು.”

“ಅವರಿಗೆ ಏನಾದ್ರೂ ಬಹುಮಾನ ಬರೋದಿದ್ರೆ?”

ಸೆಪ್ಟೆಂಬರಿನಲ್ಲಿ ನಮ್ಮ ಮನೆತನಕ್ಕೆ ಫಲಕ ಕೊಡುವುದಿದೆ, ‘ಒಂದು ದಿನವೂ ತಪ್ಪದೆ’ ಎಂದು ಅಪ್ಪನ ಹೆಸರಿನಲ್ಲಿ. ಅದರ ಕಾಗದ ಕಳಿಸಿದವನೇ ಅವನು.

“ಫಲಕದ ಮೇಲಿನ ಮಾತು ಬದಲಾಗುತ್ತೆ, ಮೇಡಂ. ಅಷ್ಟೇ.”

ಅಷ್ಟೇ ಅಂತೆ.

ಜೂನ್ 14, ಬುಧವಾರ

87 / 68. ಗುಡುಗು, 0.41.

ಮಾರ್ನಿಗೆ ಹೇಳಿದೆ. ಎದುರು ಕೂರಿಸಿಕೊಂಡು, ಫಾರಂ ಮುಂದಿಟ್ಟು, ಒಂದೇ ಉಸಿರಿಗೆ. ಅವಳು ಬೆರಳಲ್ಲಿ ಸಾಲು ಎಣಿಸಿದಳು.

“ಹನ್ನೊಂದು. ಇಪ್ಪತ್ನಾಲ್ಕು ಸಾವಿರ ದಿನದಲ್ಲಿ ಹನ್ನೊಂದು. ಬಾಬಾ, ಇದೇನು ದೊಡ್ಡ ವಿಷ್ಯ? ಸಭೆ ಮುಗೀಲಿ. ಆಮೇಲೆ ಫಾರಂ ಕಳ್ಸು, ಯಾರಿಗೂ ಗೊತ್ತಾಗಲ್ಲ.”

“ಬ್ಯಾನರ್ ಮೇಲಿರೋದೇ ಆ ಹನ್ನೊಂದರಲ್ಲಿ ಒಂದು ಕಣೇ.”

“ಬ್ಯಾನರ್ ತೆಗೆಸ್ತೀನಿ. ಆದ್ರೆ ನೀನು ಅಲ್ಲಿ ನಿಂತ್ಕೊಂಡು ಇದನ್ನ ಹೇಳ್ಬೇಡ. ಪ್ಲೀಸ್. ಅವರು ಇಂಥದ್ದಕ್ಕೇ ಬಾಯಿ ಬಿಟ್ಕೊಂಡು ಕಾಯ್ತಿದಾರೆ. ನೋಡಿ, ಎಲ್ಲ ಸುಳ್ಳು ಲೆಕ್ಕ ಅಂತಾರೆ. ನಿನ್ನಿಂದ ನೂರು ಜನರ ಕೆಲ್ಸ ಹಾಳಾಗುತ್ತೆ.”

ಅವಳು ಹೇಳುವುದು ಸುಳ್ಳಲ್ಲ. ಹಾಗೇ ಆಗುತ್ತದೆ.

ಆದರೆ ನನ್ನ ಸಿಟ್ಟು ಯಾವುದರ ಮೇಲೆ? ಎರಡು ವಾರದಿಂದ ಅದನ್ನೇ ತಿರುವಿ ಹಾಕುತ್ತಿದ್ದೇನೆ. ಆ ಒಪ್ಪಂದದಲ್ಲಿ ಇದ್ದದ್ದು ಏನು? ಮಾರ್ನಿಯೇ ಹೇಳಿಕೊಟ್ಟದ್ದು: ತಪ್ಪಿದವರಿಗೆ ದಂಡವಿಲ್ಲ, ಪೊಲೀಸರಿಲ್ಲ. ಪ್ರತಿ ದೇಶವೂ ತನ್ನ ಹೊಗೆಯನ್ನು ತಾನೇ ಅಳೆದು, ಪುಸ್ತಕ ತೆರೆದು ಉಳಿದವರಿಗೆ ತೋರಿಸಬೇಕು. ನಂಬಿಕೆಯ ಮೇಲೆ ನಿಂತದ್ದು. ನನ್ನ ಪೆಟ್ಟಿಗೆಯೂ ಹಾಗೇ. ಅರವತ್ತಾರು ವರ್ಷದಲ್ಲಿ ನಾವು ನಿಜವಾಗಿ ನೋಡಿದೆವೇ ಎಂದು ಯಾರೂ ಬಂದು ಬೇಲಿಯಾಚೆ ನಿಂತು ನೋಡಲಿಲ್ಲ. ನಂಬಿದರು.

ಪುಸ್ತಕ ಮುಚ್ಚಿಕೊಂಡು ಎದ್ದು ಹೋದವರ ಮೇಲೆ ಕೂಗಲು, ಹನ್ನೊಂದು ಸಾಲಿಗೆ ಅಂಗೈ ಅಡ್ಡ ಹಿಡಿದುಕೊಂಡು ಹೋಗಲೇ?

ಮಾರ್ನಿ ಹೋಗುವಾಗ ಮುತ್ತು ಕೊಡಲಿಲ್ಲ.

ಜೂನ್ 17, ಶನಿವಾರ. ಸಂಜೆ 6

84 / 66.

ಆಯಿತು.

ರಸ್ತೆ ತುಂಬ ಜನ. ಸ್ಟ್ರಾಲರಿನಲ್ಲಿ ಕೂಸುಗಳು, ವಾಕರ್ ಹಿಡಿದ ಮುದುಕರು, ಕಾರ್ಡ್‌ಬೋರ್ಡಿನ ಮೇಲೆ ಬಣ್ಣದಲ್ಲಿ ಬೈಗುಳ. ‘ನಮ್ಮ ಹೆಸರಲ್ಲಿ ಬೇಡ’ ಎಂದು ಸಾವಿರ ಗಂಟಲು ಒಟ್ಟಿಗೆ ಕೂಗಿದರೆ ಎದೆಯೊಳಗೆ ಡೋಲು ಹೊಡೆದಂತೆ. ನಾನೂ ಕೂಗಿದೆ. ಎಪ್ಪತ್ತು ವರ್ಷಕ್ಕೆ ಮೊದಲ ಸಲ ಬೀದಿಯಲ್ಲಿ ನಿಂತು ಕೂಗಿದ್ದು. ಹಿತವೆನಿಸಿತು, ಅದನ್ನು ಮುಚ್ಚಿಡುವುದಿಲ್ಲ.

ಬ್ಯಾನರು ಇರಲಿಲ್ಲ. ಮಾರ್ನಿ ಮಾತು ಉಳಿಸಿಕೊಂಡಿದ್ದಳು. ಎಮಿಲ್ ಇದ್ದ. ಯೂನಿಯನ್ ಟೋಪಿ ಹಾಕಿಕೊಂಡು, ಹೇಳಿದ ಹಾಗೆ ಮುಂದಿನ ಸಾಲಿನಲ್ಲೇ. ನನ್ನ ಸರದಿ ಬಂತು. ಚೀಟಿ ಕೈಯಲ್ಲಿ ಒದ್ದೆಯಾಗಿತ್ತು. ನೋಡಲಿಲ್ಲ.

ಹೇಳಿದ್ದು ಹೆಚ್ಚುಕಡಿಮೆ ಇಷ್ಟು: “ನಾನು ಲೀಡಾ. ಕೆಸ್ಲರ್ ರನ್‌ನವಳು. ನಮ್ಮಪ್ಪ, ನಾನು ಸೇರಿ ಅರವತ್ತಾರು ವರ್ಷ ಥರ್ಮಾಮೀಟರ್ ನೋಡಿದೀವಿ. ನಮ್ಮೂರು ಬಿಸಿಯಾಗಿದೆ. ಅಪ್ಪನ ಕಾಲದ ಜನವರಿ ಈಗಿಲ್ಲ. ಇದು ನಾನು ಕಣ್ಣಾರೆ ನೋಡಿ ಬರೆದಿದ್ದು. ಆದ್ರೆ ಹನ್ನೊಂದು ದಿನ ನೋಡ್ದೆ ಬರೆದೆ. 1988, ಜುಲೈ ಎಂಟರಿಂದ ಹದಿನೆಂಟು. ಅಪ್ಪ ಸಾಯ್ತಾ ಇದ್ರು, ಸುಳ್ಳು ಹೇಳ್ದೆ, ಆಮೇಲೆ ಅದನ್ನೇ ಬರೆದೆ. ನಮ್ಮೂರ ಹಲಗೆ ಮೇಲಿರೋ ನೂರಮೂರೂ ಸುಳ್ಳು. ಉಳಿದಿದ್ದೆಲ್ಲ ನಿಜ. ಮಾತು ಕೊಟ್ಟು ಎದ್ದು ಹೋದವರನ್ನ ಬೈಯಕ್ಕೆ ಬಂದಿದೀನಿ. ಬೈಯೋಕ್ ಮುಂಚೆ ನನ್ನ ಲೆಕ್ಕ ಒಪ್ಪಿಸ್ಬೇಕಲ್ಲ. ಒಪ್ಪಿಸಿದೀನಿ. ಈಗ ಅವರು ಒಪ್ಪಿಸ್ಲಿ.”

ಹಿಂದೆ ಎಲ್ಲೋ ನಾಲ್ಕೈದು ಚಪ್ಪಾಳೆ. ರಸ್ತೆಯಾಚೆಯಿಂದ ಒಬ್ಬ ಕೂಗಿದ — “ಕೇಳಿದ್ರಾ? ಅವರೇ ಒಪ್ಕೊಂಡ್ರು!” ನಗು. ಮಾರ್ನಿ ಮೈಕಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು.

ಎಮಿಲ್ ಕಡೆ ನೋಡಿದೆ. ಅವನ ಜಾಗ ಖಾಲಿ. ಮಾತು ಮುಗಿಯುವ ಮೊದಲೇ ಹೊರಟಿದ್ದ.

ಬಸ್ಸಿನಲ್ಲಿ ಒಬ್ಬಳೇ ಬಂದೆ.

ಜೂನ್ 19, ಸೋಮವಾರ

78 / 65. ಮಳೆ 0.55.

ರೇಡಿಯೋದಲ್ಲಿ ಒಬ್ಬ ನನ್ನ ಹೆಸರು ಹೇಳಿ ಕಾಲು ಗಂಟೆ ನಕ್ಕ. ಹನ್ನೊಂದು ದಿನ ಎನ್ನಲಿಲ್ಲ. ‘ವರ್ಷಾನುಗಟ್ಟಲೆ’ ಎಂದ. ಮಾರ್ನಿ ಮೊದಲೇ ಹೇಳಿದ್ದಳು, ಹಾಗೇ ಆಯಿತು. ಅವಳ ಫೋನಿಲ್ಲ.

ಆಲ್ಡೋನ ಎದುರು ಸಿಕ್ಕರೂ ಚರ್ಚಿನ ಬಾಗಿಲ ಕಡೆ ತಿರುಗಿಕೊಂಡಳು. ಅವಳು ಅಧ್ಯಕ್ಷರ ಪರವೂ ಅಲ್ಲ, ಒಪ್ಪಂದದ ಪರವೂ ಅಲ್ಲ, ಹಲಗೆಯ ಪರ. ಊರಿಗೆ ಹೆಮ್ಮೆ ಎಂದು ಇದ್ದದ್ದು ಅದೊಂದೇ, ಅದನ್ನೂ ಕಿತ್ತುಕೊಂಡೆಯಲ್ಲ ಎಂದು.

ಮನೆ ಮುಂದಿನ ಕುರ್ಚಿ ಇಲ್ಲ. ಗಾಳಿಗೆ ಹೋಗಿರಬೇಕು ಎಂದುಕೊಂಡೆ. ಗಾಳಿಯೇ ಇರಲಿಲ್ಲ. ಇಳಿಜಾರಿನ ಕೆಳಗೆ ಮುಳ್ಳುಪೊದೆಯಲ್ಲಿ ಸಿಕ್ಕಿತು, ಎರಡು ಕಾಲು ಮುರಿದು. ಐವತ್ತು ವರ್ಷದಲ್ಲಿ ಈ ಬೀದಿಯಲ್ಲಿ ಜಗಳವಾಗಿದೆ, ಹೊಡೆದಾಟವಾಗಿದೆ, ಯಾರೂ ಯಾರ ಕುರ್ಚಿಯನ್ನೂ ಎಸೆದಿರಲಿಲ್ಲ.

ಅತ್ತುಬಿಟ್ಟೆ. ಕುರ್ಚಿಗಾಗಿ ಅತ್ತೆ ಎಂದು ಬರೆದರೆ ನಗು ಬರುತ್ತದೆ.

ಜೂನ್ 20, ಮಂಗಳವಾರ. ಬೆಳಿಗ್ಗೆ 7

76 / 60. ಇಲ್ಲ.

ಬಾಗಿಲು ತೆರೆದರೆ ನನ್ನ ಜಾಗದಲ್ಲಿ ಒಂದು ಹಸಿರು ಕುರ್ಚಿ. ವೆರೋನಳ ಅಡುಗೆಮನೆಯದು. ಬೆನ್ನಿಗೆ ಅವಳೇ ಅಂಟಿಸಿದ್ದ ಹೂವಿನ ಚಿತ್ರ ಇನ್ನೂ ಇದೆ.

ಎಮಿಲ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ.

ಜೂನ್ 21, ಬುಧವಾರ. ಮಧ್ಯಾಹ್ನ

79 / 58.

ತಿದ್ದುಪಡಿ ಫಾರಂ ಬಂತು. ಹಳೆಯ ಫಾರಂ ಪಕ್ಕದಲ್ಲಿಟ್ಟುಕೊಂಡು ಹನ್ನೊಂದು ಸಾಲಿಗೆ ‘ಎಂ’ ಬರೆದೆ. ಎಂ, ಎಂ, ಎಂ. ಒಂದನೇ ಕ್ಲಾಸಿನ ಮಗು ತಿದ್ದಿದ ಹಾಗೆ. ಹನ್ನೆರಡನೇ ಸಾಲಿಗೆ ಕಣ್ಣು ಹೋಯಿತು. ಜುಲೈ 19. ನಾನು ಮನೆಗೆ ಬಂದು ಮೊದಲು ನೋಡಿದ ದಿನ. ಅದು ನಿಜವಾಗಿ ನೋಡಿದ್ದು. ಗರಿಷ್ಠ 84.

ಪೆನ್ನು ಅಲ್ಲೇ ನಿಂತಿತು.

84 ಹೇಗೆ ಸಾಧ್ಯ?

ಗರಿಷ್ಠದ ಗಾಜಿನ ಕೊಳವೆಯಲ್ಲಿ ಪಾದರಸ ಏರಿದರೆ ತಾನಾಗಿ ಇಳಿಯುವುದಿಲ್ಲ. ಏರಿದಲ್ಲೇ ನಿಂತಿರುತ್ತದೆ, ಯಾರಾದರೂ ಹಿಡಿದು ಗಿರಕಿ ಹೊಡೆಸುವವರೆಗೆ. ದಿನಾ ಬೆಳಿಗ್ಗೆ ನೋಡಿ, ಬರೆದು, ಗಿರಕಿ ಹೊಡೆಸಬೇಕು — ಅಪ್ಪ ನನಗೆ ಕಲಿಸಿದ ಮೊದಲ ಪಾಠ. ಹನ್ನೊಂದು ದಿನ ಯಾರೂ ಮುಟ್ಟದೆ ಇದ್ದಿದ್ದರೆ, ಹತ್ತೊಂಬತ್ತಕ್ಕೆ ನಾನು ಬಾಗಿಲು ತೆರೆದಾಗ ಆ ಹನ್ನೊಂದು ದಿನದ ಅತಿ ಹೆಚ್ಚಿನ ಬಿಸಿಲು ಅಲ್ಲಿ ನಿಂತಿರಬೇಕಿತ್ತು. ನೂರರ ಹತ್ತಿರ. ನಿಂತಿದ್ದು ಹಿಂದಿನ ದಿನದ 84.

ಹದಿನೆಂಟರ ಬೆಳಿಗ್ಗೆ ಯಾರೋ ಗಿರಕಿ ಹೊಡೆಸಿದ್ದಾರೆ.

ಇಪ್ಪತ್ತೊಂಬತ್ತು ವರ್ಷ ಈ ಸಾಲು ನನ್ನ ಅಟ್ಟದಲ್ಲಿತ್ತು. ಹೈಸ್ಕೂಲಿನ ಲ್ಯಾಬ್ ನೋಡಿಕೊಂಡವಳು ನಾನು. ಎಂಥ ಪೆದ್ದಿ.

ದಿನಾ ಬೆಳಿಗ್ಗೆ ಈ ಹಿತ್ತಲಿಗೆ ಬರುತ್ತಿದ್ದವನು ಒಬ್ಬನೇ. ನಾಯಿಗೆ ಅನ್ನ ಹಾಕಲು.

ಜೂನ್ 22, ಗುರುವಾರ. ಸಂಜೆ

85 / 62.

ಎಮಿಲ್ ನೆಲಮಾಳಿಗೆಯಲ್ಲಿದ್ದ. ಸುತ್ತ ಡಬ್ಬಗಳು, ಕ್ರಿಸ್‌ಮಸ್ ದೀಪಗಳು, ವೆರೋನಳ ಚಳಿಗಾಲದ ಕೋಟು. ಮುಖದ ತುಂಬ ಧೂಳು.

“ಪೆಟ್ಟಿಗೆ ನೋಡ್ತಿದ್ದಿದ್ದು ನೀನಾ?” ಎಂದೆ. ಕೂರಲೂ ಇಲ್ಲ.

“ಕೂತ್ಕೋ.”

“ನೀನಾ?”

“ಮತ್ತೆ ನಾಯಿ ನೋಡ್ತಿತ್ತಾ? ಮಾವ ಎರಡ್ಸಲ ತೋರ್ಸಿದ್ರು, ಹೆಂಗೆ ತಿರುಗ್ಸೋದು ಅಂತ. ಏಳಕ್ಕೆ ಅಲ್ಲೇ ಇರ್ತಿದ್ದೆ. ನೋಡ್ದೆ. ಆಸ್ಪತ್ರೇಲಿ ಕೇಳ್ತಾರಲ್ಲ, ನಿಂಗೆ ಹೇಳೋಣ ಅಂತ. ಬಂದ್ರೆ ನೀನು ಆಗ್ಲೇ ಹೇಳ್ತಾ ಇದೀಯ, ಎಂಬತ್ತೆಂಟು ಅಪ್ಪ, ತಂಪಾಗಿದೆ ಅಂತ. ನನ್ನ ಜೇಬಲ್ಲಿ ತೊಂಬತ್ತೇಳು. ಮಾವನ ಮುಖ ನೋಡ್ದೆ. ಸುಮ್ನೆ ನಿಂತೆ.”

“ಆಮೇಲಾದ್ರೂ ಹೇಳ್ಬಹುದಿತ್ತಲ್ಲ!”

“ಆಮೇಲೆ ನೀನು ಬರೆದು ಮುಗ್ಸಿದ್ದೆ. ಪೆನ್ನಲ್ಲಿ. ನೀನು ಅದೇ ವಾರ ಅಪ್ಪನ್ನ ಕಳ್ಕೊಂಡಿದ್ದೆ, ನಾನ್ ಬಂದು ನಿನ್ ಲೆಕ್ಕ ತಪ್ಪು ಅನ್ಲಾ? ವೆರೋನ ಕಾಲು ಮುರೀತಿದ್ಲು.”

ಹತ್ತಿರ ಕೂತೆ. ಇನ್ನೊಂದು ಕೇಳುವುದಿತ್ತು. “ಮೊನ್ನೆ ಮೆಟ್ಟಿಲ ಮುಂದೆ ನಿಂತಿದ್ಯಲ್ಲ. ನನ್ನ ಮರ್ಯಾದೆ ತೆಗೀತೀಯ ಅಂದ್ಕೊಂಡಿದ್ದೆ.”

ಎಮಿಲ್‌ಗೆ ನಿಜಕ್ಕೂ ನೋವಾಯಿತು. ಕಂಡಿತು. “ನಾನು? ಒಪ್ಪಂದ ಬಿಟ್ಟಿದ್ದು ಸರಿ ಅಂತ ಈಗ್ಲೂ ಹೇಳ್ತೀನಿ, ಅದ್ರಲ್ಲಿ ಬದ್ಲಾಗಿದೀನಿ ಅಂದ್ಕೋಬೇಡ. ಆದ್ರೆ ನಿನ್ ಮೇಲೆ ಅದನ್ನ ಎತ್ತೋದಾ? ಮಾವನ ಸಾವಿನ ಮೇಲೆ?”

“ಮತ್ತೆ ಮಧ್ಯದಲ್ಲೇ ಎದ್ದು ಹೋದೆ?”

“ಇದನ್ನ ಹುಡುಕಕ್ಕೆ. ಐದು ದಿನದಿಂದ ಹುಡುಕ್ತಿದೀನಿ.”

ಮಡಿಲಲ್ಲಿದ್ದದ್ದನ್ನು ಕೊಟ್ಟ. 1988ರ ಕ್ಯಾಲೆಂಡರು. ಚರ್ಚಿನಲ್ಲಿ ಪ್ರತಿವರ್ಷ ಹಂಚುತ್ತಾರಲ್ಲ, ಶವಸಂಸ್ಕಾರದವರ ಜಾಹೀರಾತು ಇರುವುದು, ಅದು. ವೆರೋನ ಒಂದನ್ನೂ ಬಿಸಾಡುತ್ತಿರಲಿಲ್ಲ. ಜುಲೈ ಪುಟ. ಹಲ್ಲಿನ ಡಾಕ್ಟರು, ಯಾರದೋ ಹುಟ್ಟುಹಬ್ಬ ಎಂದು ಅವಳ ದುಂಡನೆ ಅಕ್ಷರ. ಅದರ ಕೆಳಗೆ ಪೆನ್ಸಿಲಿನಲ್ಲಿ ಎಮಿಲ್‌ನ ಕೋಳಿಕಾಲು. 93. 95. 97. ಎರಡೆರಡು ಸಂಖ್ಯೆ, ಮೇಲೆ ಗರಿಷ್ಠ, ಕೆಳಗೆ ಕನಿಷ್ಠ. ಅಪ್ಪ ಹೇಳಿಕೊಟ್ಟ ಹಾಗೆ.

ಹದಿನಾರು ಖಾಲಿ.

“ಅವತ್ತು ಏಳಕ್ಕೆ ಆಸ್ಪತ್ರೇಲಿದ್ದೆ,” ಎಂದ. “ನೋಡಕ್ಕಾಗ್ಲಿಲ್ಲ. ನೋಡಿಲ್ಲ ಅಂತ ಬಿಟ್ಟೆ.”

ನೋಡಿಲ್ಲ ಎಂದು ಬಿಟ್ಟ. ಅಷ್ಟೇ. ಯಾರೂ ಅವನಿಗೆ ‘ಎಂ’ ಹೇಳಿಕೊಟ್ಟಿರಲಿಲ್ಲ.

ಹದಿನೇಳರಲ್ಲಿ 101. ಎರಡು ದಿನದ್ದು ಸೇರಿ ಅಷ್ಟೇ ಏರಿದ್ದು. 103 ನಮ್ಮ ಹಿತ್ತಲಿಗೆ ಬಂದೇ ಇರಲಿಲ್ಲ. ಇದು ಗೊತ್ತಿದ್ದೂ ಅವನು ಪ್ರತಿ ಶುಕ್ರವಾರ ಆ ಹಲಗೆಯ ಕೆಳಗೇ ಕೂತು ಇಸ್ಪೀಟು ಆಡಿದ್ದಾನೆ. ನನ್ನ ಜೊತೆ ಇಷ್ಟು ಜಗಳ ಕಾದಿದ್ದಾನೆ. ಒಂದು ಸಲವೂ ಆ ಎರಡು ಡಿಗ್ರಿ ತೆಗೆದು ನನ್ನ ಮುಖಕ್ಕೆ ಎಸೆಯಲಿಲ್ಲ.

ವೆಂಡೆಲ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ, ಈ ಸಲ ಹೆಸರು ಹೇಳಿ. ಪೆನ್ಸಿಲಿನ ಕ್ಯಾಲೆಂಡರು ಒಪ್ಪಲಾಗುವುದಿಲ್ಲ, ‘ಎಂ’ ಹಾಗೇ ಇರಲಿ ಎಂದ. ಸರಿ. ಅವನ ಪುಸ್ತಕದಲ್ಲಿ ‘ಎಂ’. ನನ್ನದರಲ್ಲಿ ಬರೆದುಕೊಳ್ಳುತ್ತೇನೆ.

ಜೂನ್ 23, ಶುಕ್ರವಾರ. ಬೆಳಿಗ್ಗೆ 7.20

82 / 67. ಮಳೆ 0.30.

ಇವತ್ತು ಓದಿದ್ದು ನಾನಲ್ಲ. ಏಳಕ್ಕೆ ಎಮಿಲ್ ಗೇಟು ತೆಗೆದು ಬಂದ. ಜುಲೈನಲ್ಲಿ ನನ್ನ ಕಣ್ಣಿನ ಪೊರೆ ತೆಗೆಯುತ್ತಾರೆ, ಆ ವಾರ ಅವನೇ ನೋಡಬೇಕು, ಅಭ್ಯಾಸವಾಗಲಿ ಎಂದೆ. “ನಂಗೇನ್ ಅಭ್ಯಾಸ ಬೇಕು” ಎಂದು ಗೊಣಗಿದ. ಕನ್ನಡಕ ಹಣೆಗೇರಿಸಿ, ಕಣ್ಣನ್ನು ಪಾದರಸದ ಮಟ್ಟಕ್ಕೆ ಇಳಿಸಿ, ಉಸಿರು ಬಿಗಿ ಹಿಡಿದು ನೋಡಿದ — ಉಸಿರು ತಾಗಿದರೆ ಏರುತ್ತದೆ ಎಂದು ಅಪ್ಪ ಹೇಳುತ್ತಿದ್ದುದು ಅವನಿಗೆ ನೆನಪಿದೆ. ಆಮೇಲೆ ಗಿರಕಿ. ಸಡಿಲ ತಿರುಪನ್ನೂ ಬಿಗಿ ಮಾಡಿದ.

ಮಾರ್ನಿಯ ಮೆಸೇಜ್ ಬಂದಿದೆ. ‘ಕ್ಯಾಲೆಂಡರ್ ನೋಡ್ಬೇಕು. ಭಾನುವಾರ ಬರ್ತೀನಿ.’ ಅಷ್ಟೇ. ಇನ್ನೂ ಸಿಟ್ಟಿದೆ. ಬರಲಿ.

ಎಮಿಲ್ ಪಿರೋಗಿಗೆ ಕರೆದುಕೊಂಡು ಹೋಗಲು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಆಲ್ಡೋನ ಮಾತಾಡಿಸದಿದ್ದರೆ ತಾನೇ ಮಾತಾಡಿಸುತ್ತಾನಂತೆ. ಹೊರಡುವ ಮುಂಚೆ ಇದಿಷ್ಟು.

ಜುಲೈ 8, 1988 — 93. ಅಪ್ಪನಿಗೆ ಹೇಳಿದ್ದು 87.

ಜುಲೈ 9 — 95. ಹೇಳಿದ್ದು 87.

ಜುಲೈ 10 — 97. ಹೇಳಿದ್ದು 88.

ಜುಲೈ 11 — 96. ಹೇಳಿದ್ದು 86. ‘ಇಳೀತಾ ಇದೆ, ಒಳ್ಳೇದು’ ಅಂದಿದ್ದರು.

ಜುಲೈ 12 — 92. ಹೇಳಿದ್ದು 85.

ಜುಲೈ 13 — 94. ಹೇಳಿದ್ದು 86.

ಜುಲೈ 14 — 97. ಹೇಳಿದ್ದು 88.

ಜುಲೈ 15 — 98. ಹೇಳಿದ್ದು 88. ಅಪ್ಪ ಕೇಳಿಸಿಕೊಂಡ ಕೊನೆಯ ಸಂಖ್ಯೆ.

ಜುಲೈ 16 — ಎಂ. ಯಾರೂ ನೋಡಿಲ್ಲ.